ನಿಮ್ಮಪ್ಪನ ಮೂಗು

ಸಂತೆಬಾಚಹಳ್ಳಿ
ಭಾನುವಾರ, 19-1-2025

ಮಗಳು ಅಸೆನ್ಲಾಳಿಗೆ ನಿನ್ನ ಅತ್ತೆ ಮಾದಮ್ಮ ಮನಸಾರೆ ಹರಸಿ ಬರೆಯುವುದು. ನಾವೆಲ್ಲ ಇಲ್ಲಿ ನೆಟ್ಟಗಿದ್ದೇವೆ. ನೀನೂ, ನನ್ನ ಮೊಮ್ಮಗಳು ಸಿಂಚನಳೂ, ನಿನ್ನ ತಂದೆತಾಯಿಯೂ ಈಶಾನ್ಯದ ಆ ಬೆಟ್ಟದ ಚಳಿಯಲ್ಲಿ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಪತ್ರ ದೀಪಾವಳಿಯ ಹಿಂದಿನ ದಿನ ಕೈಸೇರಿತು. ಆಮೇಲೆ ನಿಮ್ಮ ಕ್ರಿಸ್‌ಮಸ್ಸೂ ಕಳೆಯಿತು, ನಮ್ಮ ಸಂಕ್ರಾಂತಿಯೂ ಕಳೆಯಿತು. ತಡಮಾಡಿದೆ ಅಂತ ಬೈಯಬೇಡ. ಕನ್ನಡಕದ ಕಡ್ಡಿ ಮುರಿದಿತ್ತು, ಕಬ್ಬು ಕಡಿಯುವವರಿಗೆ ಬೇಯಿಸಿ ಹಾಕುವ ಕೆಲಸವಿತ್ತು, ಚಳಿಗೆ ಬೆರಳಿನ ಗೆಣ್ಣೆಲ್ಲ ಊದಿಕೊಂಡಿತ್ತು. ಎಲ್ಲವೂ ನಿಜವೇ. ಆದರೆ ಕನ್ನಡಕ ಮುರಿದದ್ದು ಡಿಸೆಂಬರಿನಲ್ಲಿ, ನಿನ್ನ ಪತ್ರ ಬಂದದ್ದು ಅಕ್ಟೋಬರಿನಲ್ಲಿ. ನೀನು ನರ್ಸು. ಯಾವುದು ನೋವು ಯಾವುದು ನೆಪ ಎಂದು ನಿನಗೆ ನಾನು ಹೇಳಿಕೊಡಬೇಕಿಲ್ಲ.

ನೀನು ಕೂಡಿಸಿ ಕೂಡಿಸಿ ಓದುವವಳು ಎಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆಯ ಫೋನು ನಡುಮನೆಯಲ್ಲಿ ಮಾತಾಡುತ್ತದೆ, ಅಪ್ಪುವಿನಿಂದ ಹಿಡಿದು ಹಾಲು ಹಾಕಲು ಬಂದವರವರೆಗೆ ಎಲ್ಲರೂ ಅದಕ್ಕೆ ಉತ್ತರ ಕೊಡುತ್ತಾರೆ.

ಮೊದಲು ಸುದ್ದಿ. ಕಬ್ಬು ಮಾಕವಳ್ಳಿ ಕಾರ್ಖಾನೆಗೆ ಹೋಯಿತು. ನೀನು ಹೆಸರಿಟ್ಟ ಕೆಂದ ಹಸು ಹೆಣ್ಣುಗರು ಹಾಕಿದೆ. ನಿಮ್ಮ ಭಾವ ಶಿವಣ್ಣ ಮನೆ ಮುಂದೆ ಶೀಟು ಇಳಿಸಿದ್ದಾನೆ, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅವನ ಮಗ ಅಪ್ಪು ಪೇಟೆಯ ಕಾಲೇಜಿಗೆ ಹೋಗುತ್ತಿದ್ದಾನೆ. ಅವನ ಕ್ಲಾಸಿನ ಹುಡುಗಿಯರೆಲ್ಲ ಮೊಬೈಲಿನಲ್ಲಿ ಕೊರಿಯಾ ದೇಶದ ಧಾರಾವಾಹಿ ನೋಡುತ್ತಾರಂತೆ. ನಿನ್ನ ಫೋಟೋ ನೋಡಿ, "ನಿಮ್ ಚಿಕ್ಕಮ್ಮ ಈರೋಯಿನ್ ಇದ್ದಂಗವ್ರೆ ಕಣೋ" ಅಂದರಂತೆ. ನಿನ್ನ ಓರಗಿತ್ತಿ ಸುನಿತಾ ಅದನ್ನು ಕೇಳಿ, "ನೋಡತ್ತೆ, ಈಗ ಅಂತಾ ಮೂಗೇ ಫ್ಯಾಸನ್ನಂತೆ" ಎಂದು ನಕ್ಕಳು. ನಾನು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

ಸುನಿತಾಳಿಗೆ ನನ್ನ ಮೇಲೆ ಒಂದು ಸಿಟ್ಟಿದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು. ಸಂತೆಯಿಂದ ಎರಡು ಸಲ ತಂದಳು, ಎರಡು ಸಲವೂ ಎಸೆದೆ. ಗಾಳಿ ಬಂದರೆ ನಮ್ಮ ಲಂಗ, ಟವೆಲ್ಲು, ಶಿವಣ್ಣನ ಪಂಚೆ ಎಲ್ಲ ಪಕ್ಕದ ಕೆಂಪಣ್ಣನ ಗದ್ದೆಗೆ ಹೋಗಿ ಬೀಳುತ್ತವೆ. ಕೆಂಪಣ್ಣ ಬೇಲಿಯ ಮೇಲಿಂದ, "ಮಾದಕ್ಕ, ನಿನ್ ಮಗನ ಪಂಚೆ ನಮ್ ಬೆಳೆ ಕಾಯ್ತಾ ಅದೆ, ಕೂಲಿ ಎಷ್ಟು ಕೊಡ್ಲಿ?" ಎನ್ನುತ್ತಾನೆ. ಮುದುಕಿಗೆ ಅರುಳುಮರುಳು ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದಾರೆ.

ಇನ್ನು ನಿನ್ನ ಪತ್ರ. ಐದೇ ಐದು ಸಾಲು ಬರೆದಿದ್ದೆ. "ಅತ್ತೆ, ಏಪ್ರಿಲ್‌ನಲ್ಲಿ ಇವರಿಗೆ ರಜೆ ಇದೆ. ಎಲ್ಲರೂ ಊರಿಗೆ ಹೋಗೋಣ ಅಂತಾರೆ. ಸಿಂಚನ ಬರಲ್ಲ ಅಂತ ಅಳುತ್ತಾಳೆ. ಯಾಕೆ ಅಂತ ಕೇಳಿದರೆ ಹೇಳಲ್ಲ. ನಿಮಗೆ ಗೊತ್ತಾ?" ಈ ಮೂರು ತಿಂಗಳಲ್ಲಿ ಈ ಸಾಲುಗಳನ್ನು ಎಷ್ಟು ಸಲ ಓದಿದ್ದೇನೋ. ಅಡುಗೆಮನೆಯ ಡಬ್ಬಿಯ ಕೆಳಗೆ ಇಟ್ಟು ಇಟ್ಟು ಹಾಳೆಗೆ ಮೆಣಸಿನಪುಡಿ ವಾಸನೆ ಹತ್ತಿದೆ.

ಯಾಕಿರಬಹುದು ಎಂದು ನಾನೂ ಯೋಚಿಸಿದೆ. ಅವಳಿಗೆ ಇಲ್ಲಿ ಏನೇನಾಯಿತು ಎಂದು ಒಂದೊಂದೇ ನೆನೆಸಿಕೊಂಡೆ.

ಶಾಲೆಯೇ ಇರಬೇಕು ಎಂದುಕೊಂಡೆ. ಯುಕೆಜಿಯಲ್ಲಿ ಮಕ್ಕಳು ಅವಳ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ 'ಚೀನಾ' ಎಂದು ಬರೆದಿದ್ದವಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ತನ್ನ ಹೆಸರೇ ಎಂದುಕೊಂಡು ಖುಷಿಯಾಗಿ ಅದರ ಮೇಲೆ ಕೂತು ಬಂದಿದ್ದಳು. ಲಂಗದ ಹಿಂದೆ ಸುಣ್ಣ ನೋಡಿ ನಾನೇ ಕೇಳಿ ತಿಳಿದುಕೊಂಡೆ. ಮಾರನೆಯ ದಿನ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಹೋದೆ. ಮೇಷ್ಟ್ರು, "ಮಕ್ಳು ಬುಡಮ್ಮ, ತಮಾಸೆಗೆ ಬರ್ದವೆ" ಎಂದರು. "ಮಕ್ಳು ಬರ್ದವೆ, ಸರಿ. ಏಳ್ಕೊಟ್ಟೋರು ಯಾರು?" ಎಂದೆ. ಅವರು ಡಸ್ಟರು ತೆಗೆದುಕೊಂಡು ತಾವೇ ಒರೆಸಿದರು.

ಅಥವಾ ಕೊರೊನಾ ಕಾಲವೋ? ಆಗ ಅವಳಿಗೆ ಎರಡು ವರ್ಷ, ಏನು ನೆನಪಿರುತ್ತದೆ? ನನಗೆ ನೆನಪಿದೆ. ಡೇರಿಯಲ್ಲಿ ನಮ್ಮ ಕ್ಯಾನು ಮುಟ್ಟಲು ಹಿಂಜರಿದರು. "ನಿಮ್ ಸೊಸೆ ಆ ಕಡೆಯೋಳಲ್ವಾ ಮಾದಕ್ಕ" ಎಂದ ಒಬ್ಬ. "ಇವ್ಳು ಬಂದು ಎರಡು ವರ್ಸ ಆಯ್ತು ಕಣ್ಲಾ, ನಿನ್ ರೋಗ ಅಷ್ಟು ನಿಧಾನಕ್ಕೆ ಬತ್ತದಾ?" ಎಂದು ಕ್ಯಾನು ಅವನ ಕಾಲಬುಡಕ್ಕೇ ಕುಕ್ಕಿದ್ದೆ. ಆಮೇಲೆ ಅದೇ ಮನೆಯವರಿಗೆ ಜ್ವರ ಬಂದಾಗ ಸೂಜಿ ಹಾಕಲು ನೀನೇ ಬೇಕಾದೆ. ನಿನಗಾಗಿ ಊರಿನ ಎದುರು ನಿಂತವಳು ನಾನು ಎಂಬ ಹೆಮ್ಮೆ ನನಗೆ ಬಹಳ ದಿನ ಇತ್ತು. ಆ ಹೆಮ್ಮೆಯೇ ನನ್ನ ಕಣ್ಣಿಗೆ ಪೊರೆಯಾಯಿತೋ ಏನೋ.

ನೀನು ಬಂದ ದಿನ ನೆನಪಿದೆಯಾ? ನನ್ನ ಕಿರಿಮಗ ಕಿಶನ್ ಮಿಲಿಟರಿಗೆ ಸೇರಿ ನಿಮ್ಮ ಕಡೆ ಹೋದವನು, ಕಾಮಾಲೆ ಬಂದು ಆಸ್ಪತ್ರೆಯಲ್ಲಿ ಮಲಗಿದವನು, ನೀನು ಕೊಟ್ಟ ಗಂಜಿ ಕುಡಿದು ಎದ್ದು, ನಿನ್ನನ್ನೇ ಕರೆದುಕೊಂಡು ಬಂದ. ಬಾಗಿಲಲ್ಲಿ ಐದು ತಿಂಗಳ ಬಸುರಿ. ನಿನ್ನ ಹೆಸರು ಕೇಳಿ ಪಕ್ಕದ ಅಣ್ಣಮ್ಮ, "ಇದೇನ್ ಮಾದಕ್ಕ, ಸೊಸೇನೂ ಗಂಡೈಕ್ಳಂಗೆ 'ಲಾ' ಅಂತ ಕರೀಬೇಕಾ?" ಎಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ, ಯಾಕೆಂದು ತಿಳಿಯದೆ. ಆ ನಗು ನನಗೆ ಬಹಳ ದಿನ ಚುಚ್ಚಿತು. ಕಿಶನ್ ರಾಜಸ್ಥಾನದ ಗಡಿಗೆ ಹೊರಟುಹೋದ. ನಿನಗೆ ನನ್ನ ಭಾಷೆ ಬಾರದು, ನನಗೆ ನಿನ್ನದು ಬಾರದು. ಇಬ್ಬರೂ ಒಲೆಯ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದೆವು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ನಿನ್ನನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗಲೆಲ್ಲ ಕಲ್ಲುಬೆಂಚಿನ ಮೇಲೆ ಕೂತು ಓದಿಸುತ್ತಿದ್ದೆ. ನಾಗಮಂಗಲ ಮೊದಲ ದಿನವೇ ಬಂತು. ಪಾಂಡವಪುರಕ್ಕೆ ಒಂದು ವಾರ. ಶ್ರೀರಂಗಪಟ್ಟಣದಲ್ಲಿ ಇಬ್ಬರೂ ಸೋತೆವು. ನಾನೂ ಹಿಂದೆ ಅದರಲ್ಲೇ ಸೋತಿದ್ದೆ. ಹೆರಿಗೆಗೆ ಹದಿನೈದು ದಿನ ಇರುವಾಗ ಬಸ್ಸು ಬಂದು ನಿಂತಿತು, ನೀನು ಬೆರಳು ತೋರಿಸಿ "ಶ್ರೀ... ರಂಗ... ಪಟ್ಟಣ" ಎಂದೆ. ನಾನು ಕೂಗಿದ ಕೂಗಿಗೆ ಡ್ರೈವರು ಹೆದರಿ, "ಹತ್ತೋದಿದ್ರೆ ಹತ್ತಮ್ಮ, ಕಿರುಚ್ಬ್ಯಾಡ" ಎಂದ.

ಅದಾದ ಮೇಲೆ ಕಂಡಕ್ಟರೊಬ್ಬ ನಿನ್ನ ಮುಖ ನೋಡಿ ಹಿಂದಿಯಲ್ಲಿ ಏನೋ ಕೇಳಿದಾಗ, ನೀನು, "ಯಾಕಣ್ಣ, ಕನ್ನಡ ಬರಾಕಿಲ್ವಾ? ಸಂತೆಬಾಚಳ್ಳಿಗೆ ಎಲ್ಡು ಕೊಡು" ಎಂದೆಯಲ್ಲ! ಬಸ್ಸಿಗೆ ಬಸ್ಸೇ ನಕ್ಕಿತು. ಈಗಲೂ ಆ ಬಸ್ಸಿನಲ್ಲಿ ಹೋದರೆ ಅವನು, "ಎಲ್ಲವ್ವಾ ನಿನ್ ಸೊಸೆ?" ಎನ್ನುತ್ತಾನೆ. "ಅವರವ್ವಂಗೆ ಉಸಾರಿಲ್ಲ, ಓಗವ್ಳೆ" ಎನ್ನುತ್ತೇನೆ. ಹಾಗೆ ಹೇಳುತ್ತ ಒಂದು ವರ್ಷ ಎರಡು ತಿಂಗಳಾಯಿತು. ನಿಮ್ಮ ತಾಯಿ ಆರು ತಿಂಗಳಲ್ಲೇ ಎದ್ದು ಓಡಾಡಿದರು ಎಂದು ಅವನಿಗೆ ಹೇಳಿಲ್ಲ.

ಇವತ್ತಿಗೆ ಸಾಕು. ಬೆರಳು ಮಡಚಲು ಬರುತ್ತಿಲ್ಲ.

ಮಂಗಳವಾರ

ಮತ್ತೆ ಕೂತಿದ್ದೇನೆ. ಭಾನುವಾರ ಬರೆದದ್ದನ್ನು ಓದಿದೆ. ಶಾಲೆಯವರು, ಡೇರಿಯವರು, ಕಂಡಕ್ಟರು, ಎಲ್ಲರೂ ಬಂದಿದ್ದಾರೆ. ಊರಿನ ಮೇಲೆ ಹೇಳುವುದು ಸುಲಭ.

ಒಂದು ಸಂಗತಿ ಆಯಿತು, ಅದನ್ನು ಹೇಳುತ್ತೇನೆ. ಅಣ್ಣಮ್ಮನ ಮೊಮ್ಮಗಳು ರಮ್ಯ ಬಾಣಂತನಕ್ಕೆ ಬಂದಿದ್ದಾಳೆ. ಹೋದ ತಿಂಗಳು ಕೂಸಿಗೆ ನೀರು ಹಾಕಲು ನನ್ನನ್ನು ಕರೆದರು. ನಿನಗೆ ಗೊತ್ತಲ್ಲ, ಈ ಊರಿನಲ್ಲಿ ನಲವತ್ತು ವರ್ಷದಿಂದ ಕೂಸುಗಳಿಗೆ ನೀರು ಹಾಕುವವಳು ನಾನು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತಿಕ್ಕಿ, ಕೈಕಾಲು ನೀವಿ, ತಲೆ ದುಂಡಗೆ ಒತ್ತಿ, ಕೊನೆಗೆ ಎರಡು ಬೆರಳಲ್ಲಿ ಮೂಗು ತೀಡಿ ಎತ್ತರಿಸಿ ಸಾಂಬ್ರಾಣಿ ಹೊಗೆ ಕೊಟ್ಟರೆ ಕೂಸು ಸಂಜೆಯವರೆಗೆ ನಿದ್ದೆ. "ಈ ಊರಿನ ಅರ್ಧ ಮೂಗು ಮಾದಕ್ಕನ ಕೈಯವು" ಎಂದು ಜನ ಆಡಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಹುಡುಗಿಯ ಮೂಗು ನೋಡಿ ಗಂಡಿನ ಕಡೆಯವರು ಮೆಚ್ಚಿದರೆ ನಾನು ಹಿಂದಿನ ಸಾಲಿನಲ್ಲಿ ಕೂತು ಬೀಗುತ್ತಿದ್ದೆ.

ಅವತ್ತು ಎಲ್ಲ ಮಾಡಿದೆ. ಮೂಗಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಬಿಸಿನೀರು ತೋಡಿ ಕೂಸನ್ನು ಎತ್ತಿಕೊಟ್ಟುಬಿಟ್ಟೆ. ರಮ್ಯ, "ಅಜ್ಜಿ, ಮೂಗು ತೀಡ್ನಿಲ್ವಲ್ಲ" ಎಂದಳು. "ಇರೋ ಮೂಗು ಸಂದಾಗದೆ ಬುಡವ್ವ" ಎಂದೆ. ಅಣ್ಣಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ಮಾದಕ್ಕನ ಕೈ ಓಯ್ತು" ಎಂದು ಲೊಚಗುಟ್ಟಿದಳು. ಮಾರನೆಯ ದಿನದಿಂದ ಬೇರೆಯವಳನ್ನು ಕರೆಯುತ್ತಿದ್ದಾರೆ. ಅದಕ್ಕೆ ನನಗೆ ಬೇಸರವಿಲ್ಲ.

ಇದೇ ಅಣ್ಣಮ್ಮ ಸಿಂಚನಳ ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ, "ಎಲ್ಲ ಸರಿ ಕಣಕ್ಕ, ಮೂಗೇ ಇಲ್ವಲ್ಲ! ನಿನ್ ಕೈ ಇದ್ದೂ ಇಂಗಾ?" ಎಂದಿದ್ದಳು. ನೀನು ಪಕ್ಕದಲ್ಲೇ ಇದ್ದೆ. ಆಗ ನಿನಗೆ ಕನ್ನಡ ಅಷ್ಟು ಬರುತ್ತಿರಲಿಲ್ಲ, ತಿಳಿಯಲಿಲ್ಲ ಎಂದುಕೊಂಡೆ. "ಇನ್ನೂ ತಿಂಗ್ಳ ಕೂಸು, ಬರ್ತದೆ ತಡಿ" ಎಂದು ನಾನು ಉತ್ತರ ಕೊಟ್ಟೆ. ನೋಡು, ಅವಳ ಬಾಯಿ ಮುಚ್ಚಿಸಲಿಲ್ಲ. ಗಡುವು ಕೇಳಿದೆ.

ದಿನಾ ಬೆಳಿಗ್ಗೆ ನೀವುತ್ತ ಒಂದು ರಾಗ ಕಟ್ಟಿದ್ದೆ: "ಬಾ ಮೂಗೇ ಬಾ, ಬೆಟ್ಟದಂಗೆ ಬಾ." ಕೂಸು ಅತ್ತರೂ ರಾಗ ನಿಲ್ಲುತ್ತಿರಲಿಲ್ಲ. ಒಂದು ದಿನ ನೀನು ಟವೆಲ್ಲು ಹಿಡಿದುಕೊಂಡು ನಿಂತಿದ್ದವಳು ಮೆಲ್ಲಗೆ, "ಅತ್ತೆ, ಸಾಕು. ಅದು ನಮ್ಮಪ್ಪನ ಮೂಗು" ಎಂದೆ. ನಾನು ನಕ್ಕುಬಿಟ್ಟೆ. "ನಿಮ್ಮಪ್ಪಂದಾದ್ರೇನವ್ವ, ಒಂಚೂರು ಎತ್ರ ಆದ್ರೆ ನಿಮ್ಮಪ್ಪ ಬ್ಯಾಡ ಅಂದಾರಾ?" ಎಂದೆ. ನೀನು ಟವೆಲ್ಲಿನಲ್ಲಿ ಕೂಸನ್ನು ಸುತ್ತಿ ಎತ್ತಿಕೊಂಡೆ. ಸಂಜೆ ಎಂದಿನಂತೆ ಎಣ್ಣೆ ಬಿಸಿ ಮಾಡಿ ತಂದು ನನ್ನ ಗೆಣ್ಣುಗಳನ್ನು ನೀವಿದೆ. ಒಂದೊಂದು ಬೆರಳನ್ನೂ ಹೂವು ಬಿಡಿಸಿದ ಹಾಗೆ ಬಿಡಿಸಿದೆ.

ನಿನ್ನ ಪತ್ರದ ಜೊತೆ ಒಂದು ಫೋಟೋ ಇಟ್ಟಿದ್ದೆ. ನಿಮ್ಮ ಮನೆಯ ಮೆಟ್ಟಿಲ ಮೇಲೆ ಸಿಂಚನ, ಪಕ್ಕದಲ್ಲಿ ನಿನ್ನ ತಂದೆ. ಇಬ್ಬರೂ ಏನನ್ನೋ ನೋಡಿ ನಗುತ್ತಿದ್ದಾರೆ. ನಗುವಾಗ ಇಬ್ಬರ ಮೂಗೂ ಒಂದೇ ಥರ ಅಗಲವಾಗಿ ಅರಳಿದೆ. ಅವರನ್ನು ನಾನು ನೋಡಿದ್ದು ಇದೇ ಮೊದಲು. ಎಷ್ಟು ಚೆಂದದ ಮುಖ ನಿಮ್ಮಪ್ಪನದು! ದುಡಿದು ಹಣ್ಣಾದ, ಯಾರಿಗೂ ಕೆಡುಕು ಬಯಸದ ಮುಖ. ಇಂಥ ಮುಖವನ್ನು ನಾನು ಮಗುವಿನಿಂದ ಅಳಿಸಲು ಹೊರಟಿದ್ದೆನಲ್ಲ.

ಇನ್ನೊಂದು ನೋಡಿದೆ. ಫೋಟೋದಲ್ಲಿ ಅವಳ ಕೈ ತೊಡೆಯ ಮೇಲಿದೆ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವಳು ಅಂಗೈಯಿಂದ ಮೂಗು ಮುಚ್ಚಿಕೊಂಡೇ ಮಾತಾಡುತ್ತಾಳೆ. ಶೀತವಾಗಿದೆ ಎಂದುಕೊಂಡು ನಾನು, "ಬಿಸ್ನೀರ್ ಕುಡಿಯವ್ವ, ತುಳಸಿ ಆಕ್ಕೊ" ಎಂದು ಒಂದು ವರ್ಷ ಹೇಳಿದ್ದೇನೆ. ಅವಳು "ಊಂ ಅಜ್ಜಿ" ಎಂದು ಕೈಯ ಹಿಂದಿನಿಂದಲೇ ಹೇಳುತ್ತಿದ್ದಳು. ಅವಳಿಗೆ ಶೀತವಿರಲಿಲ್ಲ ಮಗಳೇ.

ಈಗ ಬೆಳಗಿನ ಹೊತ್ತು ಹಂಡೆ ಉರಿ ಹಚ್ಚಿದರೆ ಕೆಲಸವೇ ಇಲ್ಲ. ನೀನು ಬಿಟ್ಟುಹೋದ ಕೆಂಪು ಕಪ್ಪು ಪಟ್ಟೆಯ ಶಾಲನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ, ಹಾರಿಹೋಗದಂತೆ ಪಕ್ಕದಲ್ಲೇ ಕೂತಿರುತ್ತೇನೆ. ಸಿಂಚನಳ ಒಂದು ಚಪ್ಪಲಿ ರಾಗಿ ತುಂಬುವ ಹಗೇವಿನ ಹತ್ತಿರ ಸಿಕ್ಕಿತು. ಇನ್ನೊಂದನ್ನು ನಾಯಿ ಎಳೆದುಕೊಂಡು ಹೋಗಿರಬೇಕು. ಒಂದನ್ನೇ ತೊಳೆದಿಟ್ಟಿದ್ದೇನೆ. ಅವಳ ಕಾಲು ಈಗ ಅದಕ್ಕೆ ಹಿಡಿಸುವುದಿಲ್ಲ, ಗೊತ್ತು.

ಇದರ ಜೊತೆ ಎಳ್ಳುಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ನಾನೇ ಹೆಚ್ಚಿದೆ, ತುಂಡು ದಪ್ಪ ಸಣ್ಣ ಆಗಿವೆ. ಸಕ್ಕರೆ ಅಚ್ಚಿನಲ್ಲಿ ಗಿಣಿ, ಆನೆ, ಬಾತುಕೋಳಿ ಇವೆ. ದಾರಿಯಲ್ಲಿ ಒಡೆದರೂ ಸಿಹಿಗೆ ಮೋಸವಿಲ್ಲ. ನಿನ್ನ ತಂದೆಗೆ ಮೊದಲು ಕೊಡು. ನಮ್ಮಲ್ಲಿ ಇದನ್ನು ಕೊಡುವಾಗ ಒಳ್ಳೆಯ ಮಾತಾಡಿ ಎನ್ನುತ್ತಾರೆ. ನನ್ನ ಪರವಾಗಿ ಅವರಿಗೆ ನಿಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಮಾತು ಹೇಳು.

ನಿನ್ನ ಸಂಸಾರ ತಣ್ಣಗಿರಲಿ. ಗಡಿಯಲ್ಲಿರುವ ನನ್ನ ಮಗನನ್ನು ದೇವರು ಕಾಯಲಿ, ನಿಮ್ಮ ದೇವರೂ ಕಾಯಲಿ. ನನ್ನ ಕೂಸು ಹೇಗಿದೆಯೋ ಹಾಗೇ ಬೆಳೆಯಲಿ.

ನಿನ್ನ ಅತ್ತೆ,
ಮಾದಮ್ಮ

ಮತ್ತೆ ಬರೆದದ್ದು: ಹೆಸರು ಹಾಕಿ ಮಡಚಿ, ಅನ್ನದ ಅಗುಳಿನಿಂದ ಅಂಟಿಸಲು ಹೋದವಳು ಮತ್ತೆ ಬಿಚ್ಚಿದ್ದೇನೆ. ನೀನು ಕೇಳಿದ್ದು "ನಿಮಗೆ ಗೊತ್ತಾ?" ಎಂದು. ಇಷ್ಟು ಹಾಳೆ ತುಂಬಿಸಿದರೂ ಅದಕ್ಕೆ ಉತ್ತರ ಬರೆಯಲಿಲ್ಲ. ಗೊತ್ತು ಕಣವ್ವ.

ನೀವು ಹೊರಡುವುದಕ್ಕೆ ಎರಡು ತಿಂಗಳು ಮುಂಚೆ, ಗೌರಿಹಬ್ಬದ ಹಿಂದಿನ ವಾರ. ನೀನು ಪೇಟೆಗೆ ಡ್ಯೂಟಿಗೆ ಹೋಗಿದ್ದೆ. ನನ್ನ ಬೆರಳು ನೋವು ಜಾಸ್ತಿಯಾಗಿ ಎರಡು ಭಾನುವಾರ ಅವಳಿಗೆ ಎಣ್ಣೆನೀರು ಹಾಕಿರಲಿಲ್ಲ. ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಸಿಂಚನ ಕೂತಿದ್ದಳು. ಮೂಗಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು. ಬಾಯಲ್ಲಿ ಉಸಿರಾಡುತ್ತ, ಕಣ್ಣಲ್ಲಿ ನೀರು ಸುರಿಸುತ್ತ, "ಬಾ ಮೂಗೇ ಬಾ" ಅನ್ನುತ್ತಿದ್ದಳು. "ಏನವ್ವ ಇದು!" ಎಂದು ಓಡಿದೆ. ಅವಳು ಸಮಾಧಾನ ಮಾಡುವವಳ ಹಾಗೆ, "ನಿನ್ ಕೈ ನೋಯ್ತದಲ್ಲಜ್ಜಿ, ಅದ್ಕೆ ನಾನೇ ಮಾಡ್ಕತಾ ಇವ್ನಿ" ಎಂದಳು.

ಕ್ಲಿಪ್ಪು ಕಿತ್ತೆ. ಎರಡೂ ಕಡೆ ನೀಲಿಗಟ್ಟಿತ್ತು. ಆಗ ನಾನು ಅವಳನ್ನು ಅಪ್ಪಿಕೊಂಡು ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಗೆ ಮೊದಲು ಬಂದ ಮಾತು, "ಅಮ್ಮಂಗೆ ಏಳ್ಬ್ಯಾಡ." ಸಾಯಂಕಾಲ ನೀನು ಬಂದು, "ಮೂಗಿಗೆ ಏನಾಯ್ತು?" ಎಂದಾಗ ಮಗು ನನ್ನ ಮುಖ ನೋಡಿತು. "ಕಲ್ಲಿಗೆ ತಗುಲ್ತು" ಎಂದೆ ನಾನು. "ಊಂ, ಕಲ್ಲು" ಎಂದಳು ಅವಳು. ಐದು ವರ್ಷದ ಮಗುವಿಗೆ ತನ್ನ ತಾಯಿಯ ಮುಂದೆ ಸುಳ್ಳು ಹೇಳುವುದನ್ನು ನಾನು ಕಲಿಸಿದೆ. ಅವತ್ತೂ ನೀನು ನನ್ನ ಬೆರಳು ನೀವಿದೆ.

ಎಲ್ಲ ಕೂಸಿಗೂ ಮಾಡುವುದನ್ನೇ ಅವಳಿಗೂ ಮಾಡಿದೆ ಎಂದು ನಿನಗೆ ಹೇಳುತ್ತಿದ್ದೆ. ಅದೂ ಸುಳ್ಳು. ಅಪ್ಪುವಿಗೆ ಮೂರು ತಿಂಗಳು ತೀಡಿದೆ. ಅವಳಿಗೆ ಐದು ವರ್ಷ.

ಏಪ್ರಿಲ್‌ಗೆ ಬನ್ನಿ ಎಂದು ಬರೆಯಲು ಕೈ ಬಹಳ ತುಡಿಯುತ್ತದೆ. ಬರೆಯುವುದಿಲ್ಲ, ಅದು ಅವಳಿಗೆ ಬಿಟ್ಟದ್ದು. ಇದೊಂದನ್ನು ಮಾತ್ರ ಅವಳನ್ನು ಕೂರಿಸಿಕೊಂಡು ಓದಿ ಹೇಳು: ಅಮ್ಮನಿಗೆ ಹೇಳಬೇಡ ಎಂದಿದ್ದ ಅಜ್ಜಿ, ಅಮ್ಮನಿಗೆ ತಾನೇ ಎಲ್ಲ ಹೇಳಿಬಿಟ್ಟಿದ್ದಾಳೆ. ಇನ್ನು ನೀನು ಮುಚ್ಚಿಕೊಳ್ಳಬೇಕಾದ್ದು ಏನೂ ಇಲ್ಲ ಕಂದ.